ತನಿ ಆವರ್ತನ ಬಂದಾಗ ಕಾಫಿಗೆ ಏಳದೆ ಕೂರುವುದು ಹೇಗೆ?

ಕರ್ನಾಟಕ ಸಂಗೀತ ಕಚೇರಿಯಲ್ಲಿ ಹಾಡು ಇಷ್ಟ, ಆದರೆ ಗಾಯಕರು ನಿಲ್ಲಿಸಿ ಮೃದಂಗ, ಘಟ, ಖಂಜಿರದವರಿಗೆ ಬಿಟ್ಟಕೂಡಲೇ, ಅಂದರೆ ತನಿ ಶುರುವಾದಕೂಡಲೇ, ತಲೆಬುಡ ತಿಳಿಯದೆ ಎಲ್ಲರ ಜೊತೆ ಕಾಫಿಗೆ ಏಳುತ್ತೇನೆ, ಇದನ್ನು ಸವಿಯಬೇಕಾದರೆ ತಾಳದ ಲೆಕ್ಕ ಕಲಿಯಲೇಬೇಕಾ ಅಂತ ಕೇಳಿದ್ದೀರಿ. ಬೇಡ, ಲೆಕ್ಕ ನಿಧಾನಕ್ಕೆ ಬರಲಿ. ಮೊದಲು ನಾದ ಕೇಳಿ. ಆಮೇಲೆ ಆ ಮೂವರಲ್ಲಿ ಯಾರು ಯಾರಿಗೆ ಕಿವಿಗೊಡುತ್ತಿದ್ದಾರೆ ಅಂತ ಗಮನಿಸಿ. ನನ್ನ ಮಟ್ಟಿಗೆ ತನಿಯ ಮಜಾ ಇರುವುದೇ ಅಲ್ಲಿ.

ಮೈಸೂರಿನಲ್ಲಿ ವಿ.ವಿ. ಮೊಹಲ್ಲದ ಎಂಟನೇ ಕ್ರಾಸಿನ ಗಣೇಶೋತ್ಸವಕ್ಕೋ, ಕುವೆಂಪುನಗರದ ವೀಣೆ ಶೇಷಣ್ಣ ಭವನಕ್ಕೋ ಹೋಗುವುದಾದರೆ ಸ್ವಲ್ಪ ಮುಂಚೆಯೇ ಹೋಗಿ ಮುಂದೆ ಕೂತುಕೊಳ್ಳಿ. ಮೃದಂಗದವರು ರವೆ ಕಲಸಿದ ಉಂಡೆಯನ್ನು ಎಡಗಡೆಯ ಚರ್ಮದ ಮಧ್ಯೆ ಮೆತ್ತುತ್ತಾರೆ. ಆಮೇಲೆ ಬಲಗಡೆಯ ಅಂಚಿಗೆ ಕಲ್ಲಿನಲ್ಲಿ ತಟ್ಟುತ್ತಾ, ಬೆರಳಿನಲ್ಲಿ ಮೀಟುತ್ತಾ, ತಂಬೂರಿಯ ಷಡ್ಜಕ್ಕೆ, ಅಂದರೆ ‘ಸ’ಕ್ಕೆ, ಸೇರಿಸುತ್ತಾರೆ. ಬಲಗಡೆ ಕಾಣುವ ಕಪ್ಪು ವೃತ್ತವೇ ಕರಣೆ. ಬರೀ ಚರ್ಮ ಬಿಗಿದ ವಾದ್ಯದಲ್ಲಿ ಮುಖ್ಯ ನಾದದ ಜೊತೆ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಬರೀ ಸದ್ದಾಗುತ್ತದೆ. ಕರಣೆಯ ಭಾರ ಬಿದ್ದ ಮೇಲೆ ಅವು ತಂತಿವಾದ್ಯದಲ್ಲಿ ಬಂದ ಹಾಗೆ ಹೊಂದಿಕೊಳ್ಳುತ್ತವೆ. ಸರ್ ಸಿ.ವಿ. ರಾಮನ್ 1920ರಲ್ಲೇ ಇದನ್ನು ಬರೆದಿದ್ದಾರೆ. ಹಾಗಾಗಿ ಮೃದಂಗ ಹಾಡಿನ ಶ್ರುತಿಯೊಳಗೇ ಇರುತ್ತದೆ. ಎಡಗೈ ಚರ್ಮದ ಮೇಲೆ ಒತ್ತಿ ಸರಿದಾಗ ಹೊಟ್ಟೆಯೊಳಗಿಂದ ಬಂದಂತೆ ಒಂದು ಗುಮ್ಮೆನ್ನುವ ನಾದ ಬರುತ್ತದಲ್ಲ, ಗುಮ್ಕಿ, ಮೊದಲ ದಿನ ಅದೊಂದನ್ನೇ ಹಿಂಬಾಲಿಸಿದರೂ ಸಾಕು.

ಘಟದ ಶ್ರುತಿಯನ್ನು ಹೀಗೆ ಬೇಕಾದ ಹಾಗೆ ಏರಿಸಿ ಇಳಿಸಲು ಆಗುವುದಿಲ್ಲ, ಅದು ಸುಟ್ಟ ಮಣ್ಣು. ಅದಕ್ಕೇ ಬೇರೆ ಬೇರೆ ಶ್ರುತಿಗೆ ಬೇರೆ ಬೇರೆ ಘಟ. ಕೊರಳು, ಹೊಟ್ಟೆ, ತಳ, ಮೂರು ಜಾಗಕ್ಕೂ ಮೂರು ಧ್ವನಿ. ನುಡಿಸುವವರು ಘಟದ ಬಾಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ಬಿಟ್ಟರೆ ತಗ್ಗಿನ ನಾದವೂ ಬರುತ್ತದೆ. ಖಂಜಿರದ್ದು ಇನ್ನೂ ಮೋಜು. ಅಂಗೈಗಿಂತ ಸ್ವಲ್ಪ ದೊಡ್ಡದಾದ, ಒಂದು ಬದಿಗೆ ಚರ್ಮ ಬಿಗಿದ ಬಳೆ, ಒಂದೇ ಕೈಯ ನುಡಿಸಾಣಿಕೆ. ಪಕ್ಕದಲ್ಲಿ ಒಂದು ಲೋಟ ನೀರಿರುತ್ತದೆ, ಕುಡಿಯಲು ಅಂದುಕೊಳ್ಳಬೇಡಿ. ಒಳಮುಖಕ್ಕೆ ಎರಡು ಹನಿ ಚಿಮುಕಿಸಿ ಸವರಿದರೆ ಚರ್ಮ ಸಡಿಲವಾಗಿ ತಗ್ಗಿನ ನಾದ ಬರುತ್ತದೆ. ಒಣಗುತ್ತಾ ಬಂದರೆ ಶ್ರುತಿ ಏರುತ್ತದೆ, ಮತ್ತೆ ಚಿಮುಕಿಸಬೇಕು. ಹಿಡಿದ ಎಡಗೈಯ ಬೆರಳು ಚರ್ಮವನ್ನು ಒತ್ತುವುದರಲ್ಲೇ ಅದರ ಏರಿಳಿತ. ಹಳೆಯ ಖಂಜಿರಗಳಿಗೆ ಉಡದ ಚರ್ಮ. ಉಡವನ್ನು ಕೊಲ್ಲುವುದು ಈಗ ಅಪರಾಧ, ಮೇಕೆ ಚರ್ಮದವೂ ಬಂದಿವೆ.

ತನಿಗೆ ಕಾಯಬೇಡಿ, ಕೀರ್ತನೆಯಲ್ಲೇ ಶುರು ಮಾಡಿ. ಮೃದಂಗದವರು ನುಡಿಸುತ್ತಿದ್ದವರು ತಟ್ಟನೆ ಕೈ ತೆಗೆದು ಘಟದ ಕಡೆ ತಿರುಗುತ್ತಾರೆ. ಹಾಡಿನ ಎರಡನೆಯ ಭಾಗವಾದ ಅನುಪಲ್ಲವಿಯನ್ನು ಘಟವೊಂದೇ ಹೊರುತ್ತದೆ. ಅದರ ಮುಂದಿನ ಚರಣದಲ್ಲಿ ಇಬ್ಬರೂ ಸೇರುತ್ತಾರೆ. ಇದಕ್ಕೆ ಮೊದಲೇ ಕೂತು ಮಾಡಿದ ತಾಲೀಮು ಏನೂ ಇರುವುದಿಲ್ಲ, ಬರೀ ಕಣ್ಸನ್ನೆ. ಘಟ, ಖಂಜಿರದಂಥ ಉಪಪಕ್ಕವಾದ್ಯದಲ್ಲಿ ಒಳ್ಳೆಯವರನ್ನು ನಾನು ಗುರುತಿಸುವುದು ಅವರು ಸುಮ್ಮನಿರುವ ಜಾಗದಿಂದ.

ತನಿಯಲ್ಲಿ ಗಾಯಕರ ಕೈ ನೋಡುತ್ತಿರಿ, ತಾಳ ಅಲ್ಲಿ ಕಣ್ಣಿಗೇ ಕಾಣುತ್ತದೆ. ಆದಿತಾಳವಾದರೆ ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ತಟ್ಟು-ಬೀಸು, ತಟ್ಟು-ಬೀಸು, ಒಟ್ಟು 8. ಮೊದಲು ಮೃದಂಗ ವಿಸ್ತಾರವಾಗಿ, ಆಮೇಲೆ ಉಳಿದವರು ಒಬ್ಬೊಬ್ಬರಾಗಿ. ನಂತರ ಸರದಿ: ಮೃದಂಗ ಎರಡು ಆವರ್ತ, ಅಂದರೆ ತಾಳದ ಎರಡು ಸುತ್ತು, ಹೇಳಿದರೆ ಘಟ ಎರಡು, ಖಂಜಿರ ಎರಡು. ಅದು ಒಂದಕ್ಕಿಳಿಯುತ್ತದೆ, ಅರ್ಧಕ್ಕೆ, ಕಾಲು ಆವರ್ತಕ್ಕೆ. ಕೊನೆಗೆ ಮೂವರೂ ಸೇರಿ ಮೋರಾ, ಕೋರ್ವೆ, ಅಂದರೆ ಲೆಕ್ಕ ಹಾಕಿ ಕಟ್ಟಿದ ಮುಕ್ತಾಯದ ಜತಿಗಳು. ಹಿರಿಯರು ಏನು ನುಡಿಸುತ್ತಾರೋ ಕಿರಿಯರಿಗೆ ಮೊದಲೇ ಗೊತ್ತಿರುವುದಿಲ್ಲ. ದೊಡ್ಡ ಕೋರ್ವೆಯನ್ನು ಮೂರು ಸಲ ನುಡಿಸುವುದು ವಾಡಿಕೆ. ಮೊದಲ ಸಲ ಖಂಜಿರದವರು ಕಣ್ಣು ಕಿರಿದು ಮಾಡಿ ಅಲ್ಲಲ್ಲಿ ಮುಟ್ಟುತ್ತಾರೆ, ಎರಡನೆಯ ಸಲಕ್ಕೆ ಮುಕ್ಕಾಲು ಸಿಕ್ಕಿರುತ್ತದೆ, ಮೂರನೆಯದರಲ್ಲಿ ಮೂರೂ ಒಂದೇ ಕೈ. ಇದನ್ನು ನೋಡಲಾದರೂ ಎದ್ದು ಹೋಗಬೇಡಿ.

ಒಂದೇ ಒಂದು ಲೆಕ್ಕ ಕೊಡುತ್ತೇನೆ, ಮನೆಯಲ್ಲಿ ಮಾಡಿ ನೋಡಿ. ಆದಿತಾಳದ ಒಂದೊಂದು ಎಣಿಕೆಗೆ ‘ತಕದಿಮಿ’ ಅಂದರೆ ನಾಲ್ಕು ಮಾತ್ರೆ. ಕೊನೆಯ ನಾಲ್ಕು ಎಣಿಕೆಗೆ 16. ಅದರಲ್ಲಿ ಮೊದಲ ಮಾತ್ರೆ ಬಿಟ್ಟು, ‘ತದಿಗಿಣತೊಂ’ ಅಂತ ಮೂರು ಸಲ ಬಿಡದೆ ಹೇಳಿ. ಐದು ಮೂರಲ 15. ಮುಗಿದ ಮರುಮಾತ್ರೆಯೇ ಸಮ, ಅಂದರೆ ತಾಳದ ಮೊದಲ ತಟ್ಟು. ನಾಲ್ಕರ ನಡೆಯ ಮೇಲೆ ಐದು ಓಡಾಡುವಾಗ ಎಲ್ಲೋ ದಾರಿ ತಪ್ಪಿತು ಅನ್ನಿಸುತ್ತದೆ, ಸರಿಯಾಗಿ ಬಂದು ಕೂತಾಗ ನಿಮ್ಮ ತಲೆ ತಾನಾಗಿ ಅಲ್ಲಾಡುತ್ತದೆ. ದೊಡ್ಡ ಕೋರ್ವೆಗಳ ಬೇರೂ ಇಂಥದ್ದೇ.

ಲಯಜ್ಞಾನ ಇಲ್ಲ ಅಂತ ಬರೆದಿದ್ದೀರಿ, ಒಪ್ಪಲ್ಲ. ನಾನು ಮಂಡ್ಯದ ಕಡೆಯವನು. ನಮ್ಮಲ್ಲಿ ಪೂಜಾ ಕುಣಿತಕ್ಕೆ ತಮಟೆಯನ್ನು ಬೆಂಕಿಗೆ ಕಾಯಿಸಿ ಬಾರಿಸುತ್ತಾರೆ. ಅದು ಕೋಲಿನ ವಾದ್ಯ, ಕೈವಾದ್ಯವಲ್ಲ, ಬೇರೆಯದೇ ಪರಂಪರೆ. ಆದರೆ ತಮಟೆಯ ಗತಿ ತಿರುಗಿದರೆ ‘ಪೂಜೆ’ ಅನ್ನುವ ಅಲಂಕರಿಸಿದ ಚೌಕಟ್ಟನ್ನು ಹೊತ್ತವರ ಹೆಜ್ಜೆ ತಿರುಗುವುದು ಅಲ್ಲಿ ನಿಂತ ಮಕ್ಕಳಿಗೂ ಗೊತ್ತಾಗುತ್ತದೆ. ನಿಮಗೆ ಅಷ್ಟು ಕಿವಿ ಇದ್ದೇ ಇರುತ್ತದೆ.

ಧ್ವನಿವರ್ಧಕದ್ದೇ ಒಂದು ಕಾಟ. ಪೆಂಡಾಲುಗಳಲ್ಲಿ ಘಟದ ಮೈಕು ಏರಿಸಿ ಕಿವಿಗೆ ಮೊಳೆ ಹೊಡೆಯುತ್ತಾರೆ, ಮೃದಂಗದ ಎಡಗಡೆಯ ನಾದ ಸತ್ತೇ ಹೋಗುತ್ತದೆ. ಅಂಥ ಕಡೆ ಸ್ಪೀಕರಿನ ಎದುರು ಕೂರಬೇಡಿ. ಚಿಕ್ಕ ಸಭಾಂಗಣವೇ ಮೇಲು. ಮೃದಂಗ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಮೈಕನ್ನೇ ದೂರ ಇಡುತ್ತಿದ್ದರು, ಯಾಕೆ ಅಂತ ನಿಮಗೇ ತಿಳಿಯುತ್ತದೆ.

ಕೊಂಚ ರುಚಿ ಹತ್ತಿದ ಮೇಲೆ ಬರೀ ಲಯವಾದ್ಯಗಳ ಕಚೇರಿಗೆ ಹೋಗಿ. ಬೆಂಗಳೂರಿನಲ್ಲಿ ನೆಲೆಸಿರುವ ವಿದುಷಿ ಸುಕನ್ಯಾ ರಾಮಗೋಪಾಲ್ ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಇಟ್ಟುಕೊಂಡು ‘ಘಟ ತರಂಗ’ದಲ್ಲಿ ರಾಗವನ್ನೇ ನುಡಿಸುತ್ತಾರೆ. ‘ಸ್ತ್ರೀ ತಾಳ ತರಂಗ’ ಅವರು ಕಟ್ಟಿದ ಮಹಿಳೆಯರ ತಂಡ. ಯೂಟ್ಯೂಬಿನಲ್ಲಿ ಕೇಳುವುದಾದರೆ ದಯವಿಟ್ಟು ಇಯರ್‌ಫೋನ್ ಹಾಕಿಕೊಳ್ಳಿ. ಮೊಬೈಲಿನ ಸ್ಪೀಕರಿನಲ್ಲಿ ಮೃದಂಗದ ಅರ್ಧ, ಅಂದರೆ ಎಡಗೈ, ಕೇಳಿಸುವುದೇ ಇಲ್ಲ.