ಕ್ವಿಬೆಕ್ ನಾರ್ಡಿಕ್ಸ್ ಐಸ್ ಹಾಕಿ ತಂಡ ಊರು ಬಿಟ್ಟ ಮರುವರ್ಷವೇ ಕಪ್ ಗೆದ್ದದ್ದು ಹೇಗೆ?

ಗೆಲ್ಲುವ ತಂಡ ಕೆನಡಾದ ಕ್ವಿಬೆಕ್‌ನಲ್ಲೇ ತಯಾರಾಗಿತ್ತು, ಅದನ್ನು ಸಾಕುವ ದುಡ್ಡು ಮಾತ್ರ ಅಲ್ಲಿರಲಿಲ್ಲ. 1995ರಲ್ಲಿ ತಂಡ ಮಾರಾಟವಾಗಿ ಅಮೆರಿಕದ ಡೆನ್ವರ್‌ಗೆ ಹೋಯಿತು, ಹೆಸರು ಕೊಲರಾಡೊ ಅವಲಾಂಚ್ ಆಯಿತು. 1996ರ ಜೂನ್‌ನಲ್ಲಿ ಸ್ಟ್ಯಾನ್ಲಿ ಕಪ್, ಅಂದರೆ ಅಮೆರಿಕ-ಕೆನಡಾ ತಂಡಗಳ ಐಸ್ ಹಾಕಿ ಲೀಗ್‌ನ ಚಾಂಪಿಯನ್ ಕಪ್, ಗೆದ್ದಿತು.

ಮುಖ್ಯ ಪೆಟ್ಟು ಕೊಟ್ಟದ್ದು ಕರೆನ್ಸಿ. ಟಿಕೆಟ್ ದುಡ್ಡು ಬರುತ್ತಿದ್ದದ್ದು ಕೆನಡಾ ಡಾಲರ್‌ನಲ್ಲಿ, ಆಟಗಾರರಿಗೆ ಸಂಬಳ ಕೊಡಬೇಕಿದ್ದದ್ದು ಅಮೆರಿಕನ್ ಡಾಲರ್‌ನಲ್ಲಿ. ಆಗ ಒಂದು ಕೆನಡಾ ಡಾಲರ್‌ಗೆ ಸಿಗುತ್ತಿದ್ದದ್ದು 70 ಚಿಲ್ಲರೆ ಅಮೆರಿಕನ್ ಸೆಂಟ್ ಅಷ್ಟೇ. ಊರೂ ಚಿಕ್ಕದು, ಹೊಸ ಸ್ಟೇಡಿಯಂಗೆ ಮಾಲೀಕರು ಕೇಳಿದಷ್ಟು ನೆರವೂ ಸಿಗಲಿಲ್ಲ.

ಆಟಗಾರರು ಮಾತ್ರ ಭರ್ಜರಿ. 1991ರಲ್ಲಿ ಆಯ್ಕೆಯಾದ ಎರಿಕ್ ಲಿಂಡ್ರೋಸ್ ಕ್ವಿಬೆಕ್‌ಗೆ ಆಡಲ್ಲ ಅಂತ ಪಟ್ಟು ಹಿಡಿದ. ಮರುವರ್ಷ ಅವನನ್ನು ಫಿಲಡೆಲ್ಫಿಯಾಗೆ ಬಿಟ್ಟುಕೊಟ್ಟು, ಬದಲಿಗೆ ಪೀಟರ್ ಫೋರ್ಸ್‌ಬರ್ಗ್ ಸೇರಿ ಹಲವು ಆಟಗಾರರನ್ನು ಪಡೆದರು. ಜೋ ಸ್ಯಾಕಿಕ್ ಮೊದಲೇ ಇದ್ದ.

ಕೊರತೆ ಇದ್ದದ್ದು ದೊಡ್ಡ ಗೋಲ್‌ಕೀಪರ್‌ನದ್ದು. 1995ರ ಡಿಸೆಂಬರ್‌ನಲ್ಲಿ ಡೆಟ್ರಾಯಿಟ್ ವಿರುದ್ಧ 9 ಗೋಲು ಬಿಟ್ಟ ಮೇಲೆ ಮಾಂಟ್ರಿಯಲ್‌ನ ಪ್ಯಾಟ್ರಿಕ್ ರಾಯ್ ತಂಡದ ಮೇಲೆ ಮುನಿಸಿಕೊಂಡ. ನಾಲ್ಕೇ ದಿನದಲ್ಲಿ ಕೊಲರಾಡೊ ಸೇರಿದ. ತಂಡ ಕ್ವಿಬೆಕ್‌ನಲ್ಲೇ ಇದ್ದಿದ್ದರೆ ಮಾಂಟ್ರಿಯಲ್‌ನವರು ತಮ್ಮ ಬದ್ಧ ವೈರಿಗೆ ಅವನನ್ನು ಖಂಡಿತ ಕೊಡುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಫೈನಲ್‌ನ ಕೊನೆಯ ಪಂದ್ಯದಲ್ಲಿ ರಾಯ್ 63 ಹೊಡೆತ ತಡೆದ. ಎದುರಾಳಿ ಫ್ಲೋರಿಡಾಗೆ ಒಂದೂ ಗೋಲು ಸಿಗಲಿಲ್ಲ.