ಓದುಗರು ಕೇಳಿದ್ದು: ಅಟ್ಟದ ಮೇಲಿನ ಕಂಪನಿ ಕಾಗದಗಳು

ಪ್ರಶ್ನೆ: ಮೇಡಂ, ಸಕಲೇಶಪುರದ ಹತ್ತಿರ ನಮ್ಮ ಹಳೇ ಮನೆ. ನಮ್ಮ ತಾತ ಒಂದು ನಾಟಕ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಟ್ಟ ಖಾಲಿ ಮಾಡುವಾಗ ಅವರ ಟ್ರಂಕು ಸಿಕ್ಕಿತು. ತುಂಬಾ ಕಾರ್ಡು, ಲಕೋಟೆ, ರಸೀದಿ. ಒಂದು ಕಾರ್ಡಿನಲ್ಲಿ ‘ಹಾರ್ಮೋನಿಯಂ ಮೇಷ್ಟ್ರಿಗೆ ಜ್ವರ, ಶುಕ್ರವಾರ ಹಾಸನ ಮುಟ್ಟುವುದಿಲ್ಲ, ಶನಿವಾರದ ನಾಟಕ ಬದಲಾಯಿಸಿ’ ಅಂತಿದೆ. ಉಳಿದವೂ ಇಂಥವೇ. ಹೆಸರಾಂತ ನಟರ ಸಹಿ ಒಂದೂ ಇಲ್ಲ. ಚಿಕ್ಕಪ್ಪ ಬಚ್ಚಲೊಲೆಗೆ ಹಾಕಿ ಅಂತಾರೆ. ಏನು ಮಾಡೋಣ?

ಉತ್ತರ: ದಯವಿಟ್ಟು ಒಲೆಗೆ ಹಾಕಬೇಡಿ. ಒಂದು ಚೀಟಿಯನ್ನೂ ಹಾಕಬೇಡಿ.

ಲಂಡನ್ನಿನ ಹೆನ್ರಿ ಇರ್ವಿಂಗ್ ಕಥೆ ಹೇಳಿದರೆ ಕಾರಣ ಗೊತ್ತಾಗುತ್ತದೆ. ನಮ್ಮ ಗುಬ್ಬಿ ವೀರಣ್ಣನವರ ಹಾಗೆ ಆತ ನಟನೂ ಹೌದು, ಕಂಪನಿ ಮಾಲೀಕನೂ ಹೌದು. ಹುಟ್ಟಿದ್ದು 1838ರಲ್ಲಿ. 1878ರಲ್ಲಿ ಲೈಸಿಯಂ ಥಿಯೇಟರನ್ನು ತನ್ನ ಕೈಗೆ ತೆಗೆದುಕೊಂಡು, ಮುಖ್ಯ ಪಾತ್ರವನ್ನೂ ತಾನೇ ಮಾಡಿ, ಸೀನರಿಯಿಂದ ಸಂಬಳದವರೆಗೆ ಎಲ್ಲದರ ಭಾರ ಹೊತ್ತು, ಇಪ್ಪತ್ತು ವರ್ಷಕ್ಕೂ ಜಾಸ್ತಿ ನಡೆಸಿದ. 1895ರಲ್ಲಿ ಸರ್ ಪದವಿ ಸಿಕ್ಕಿತು. ನಟನೊಬ್ಬನಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಅಂಥವನ ಸುತ್ತ ಓಡಾಡಿದ ಸಾವಿರಾರು ಕಾಗದಗಳು ಇವತ್ತಿಗೂ ಉಳಿದಿವೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಶೇಕ್ಸ್‌ಪಿಯರ್ ಹುಟ್ಟೂರು ಸ್ಟ್ರಾಟ್‌ಫರ್ಡ್, ಲೀಡ್ಸ್ ವಿಶ್ವವಿದ್ಯಾಲಯ, ಹೀಗೆ ಹಲವು ಕಡೆ. ಅವುಗಳಲ್ಲಿ ದೊಡ್ಡ ದೊಡ್ಡ ಮಾತು ಕಡಿಮೆ. ನಾಳೆ ಆಟಕ್ಕೆ ಜಾಗ ಕೊಡಿ ಅನ್ನುವವರು, ನನ್ನ ನಾಟಕ ಓದಿದಿರಾ ಅಂತ ಕೇಳುವ ಬರಹಗಾರರು, ಊಟಕ್ಕೆ ಕರೆಯುವವರು, ಕೆಲಸ ಕೇಳುವವರು, ಇಂಥವರದ್ದೇ ಜಾಸ್ತಿ. ಆದರೆ ಒಂದು ಥಿಯೇಟರು ದಿನಾ ಹೇಗೆ ನಡೆಯುತ್ತಿತ್ತು, ಯಾರು ಯಾರನ್ನು ನಂಬಿದ್ದರು, ದುಡ್ಡು ಎಲ್ಲಿಂದ ಬಂತು ಅನ್ನೋದು ಗೊತ್ತಾಗುವುದು ಇಂಥ ಕಾಗದಗಳಿಂದಲೇ. ವಿಮರ್ಶೆಗಳಲ್ಲಿ ಆಟದ ರಾತ್ರಿ ಮಾತ್ರ ಸಿಗುತ್ತದೆ.

ನಿಮ್ಮ ಹಾರ್ಮೋನಿಯಂ ಮೇಷ್ಟ್ರ ಕಾರ್ಡನ್ನೇ ನೋಡಿ. ಮೇಷ್ಟ್ರು ಬರದಿದ್ದರೆ ನಾಟಕವನ್ನೇ ಬದಲಾಯಿಸಬೇಕು, ಅಂದರೆ ಹಾಡಿಲ್ಲದೆ ಆ ನಾಟಕ ನಡೆಯುತ್ತಿರಲಿಲ್ಲ. ಬೇರೆ ನಾಟಕ ಹಾಕಿ ಅಂದರೆ, ಇನ್ನೊಂದು ನಾಟಕದ ಪಾರ್ಟು, ಪರದೆ, ಡ್ರೆಸ್ಸು ಎಲ್ಲ ತಯಾರಿತ್ತು ಅಂತಾಯಿತು. ಕಂಪನಿ ಹಾಸನದಲ್ಲಿ ಮೊಕ್ಕಾಂ ಮಾಡಿತ್ತು ಅನ್ನುವುದಕ್ಕೂ ಅದೇ ಸಾಕ್ಷಿ. ಮೂರು ಸಾಲಿನ ಕಾರ್ಡು ಇಷ್ಟು ಹೇಳುತ್ತಿದೆ, ಅಲ್ವಾ? ಹೆಸರಾಂತ ನಟರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಆ ಮೇಷ್ಟ್ರ ಬಗ್ಗೆ ಇರುವುದು ಬಹುಶಃ ನಿಮ್ಮ ಟ್ರಂಕಿನಲ್ಲಿ ಮಾತ್ರ.

ಇನ್ನೊಂದು ಮಾತು, ಇರ್ವಿಂಗ್ ಮನೆಯ ಕಾಗದಪತ್ರಗಳನ್ನು ಜೋಪಾನ ಮಾಡಿ, ಅವನ್ನೇ ಆಧರಿಸಿ 1951ರಲ್ಲಿ ಅವನ ಜೀವನಚರಿತ್ರೆ ಬರೆದವರು ಮೊಮ್ಮಗ ಲಾರೆನ್ಸ್ ಇರ್ವಿಂಗ್. ಮೊಮ್ಮಕ್ಕಳು ಮಾಡಬೇಕಾದ ಕೆಲಸ ಇದು.

ಈಗ ಕೆಲಸದ ಮಾತು. ನಿಮ್ಮದು ಮಲೆನಾಡು, ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹರಡಬೇಡಿ, ಶಾಯಿ ಮಾಸುತ್ತದೆ. ನೆರಳಲ್ಲಿ ಗಾಳಿಯಾಡಲಿ. ತುಕ್ಕು ಹಿಡಿದ ಗುಂಡುಪಿನ್ನನ್ನು ನಿಧಾನಕ್ಕೆ ಬಿಡಿಸಿ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಗೋಂದು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಕಾಗದವನ್ನು ಅದರ ಲಕೋಟೆಯಿಂದ ಬೇರೆ ಮಾಡಬೇಡಿ, ಊರು ಮತ್ತು ತಾರೀಕು ಸಿಗುವುದು ಅಂಚೆ ಮುದ್ರೆಯಲ್ಲಿ. ಆ ಮುದ್ರೆಗಳನ್ನು ತಾರೀಕಿನ ಪ್ರಕಾರ ಜೋಡಿಸಿದರೆ ಕಂಪನಿ ಅರಸೀಕೆರೆಯಿಂದ ಎಲ್ಲಿಗೆ ಹೋಯಿತು, ಬೇಲೂರಲ್ಲಿ ಎಷ್ಟು ದಿನ ಇತ್ತು ಅನ್ನುವ ದಾರಿಯೇ ತೆರೆದುಕೊಳ್ಳಬಹುದು. ಎರಡೂ ಬದಿ ಮೊಬೈಲಲ್ಲಿ ಫೋಟೋ ತೆಗೆದಿಡಿ. ಟ್ರಂಕನ್ನು ನೆಲದಿಂದ ಎತ್ತರಕ್ಕೆ, ಹೊರಗೋಡೆಗೆ ತಾಗದ ಹಾಗೆ ಇಡಿ, ಗೆದ್ದಲಿನ ಕಾಟ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ರಾಜ್ಯ ಪತ್ರಾಗಾರ ಇಲಾಖೆಯವರನ್ನು ವಿಚಾರಿಸಿ.

ಪ್ರಶ್ನೆ: ಡ್ರಾಕುಲಾ ಬರೆದವರು ನಾಟಕ ಕಂಪನಿಯ ಮ್ಯಾನೇಜರ್ ಆಗಿದ್ದರಂತೆ, ನಿಜವಾ? (ಕಾಲೇಜು ವಿದ್ಯಾರ್ಥಿನಿ, ಚಿಕ್ಕಮಗಳೂರು)

ಉತ್ತರ: ನಿಜ ಕಣಮ್ಮ. ಬ್ರಾಮ್ ಸ್ಟೋಕರ್ ಡಬ್ಲಿನ್ನಿನಲ್ಲಿ ಸರ್ಕಾರಿ ಗುಮಾಸ್ತ, ಜೊತೆಗೆ ಪತ್ರಿಕೆಗೆ ನಾಟಕ ವಿಮರ್ಶೆ ಬರೆಯುತ್ತಿದ್ದ. 1876ರಲ್ಲಿ ಇರ್ವಿಂಗನ ಹ್ಯಾಮ್ಲೆಟ್ ನೋಡಿ ಬರೆದ, ಸ್ನೇಹ ಬೆಳೆಯಿತು, 1878ರಲ್ಲಿ ಸರ್ಕಾರಿ ಕೆಲಸ ಬಿಟ್ಟು ಲೈಸಿಯಂ ಸೇರಿಬಿಟ್ಟ. ಅಲ್ಲಿಂದ ಇರ್ವಿಂಗ್ 1905ರಲ್ಲಿ ತೀರಿಕೊಳ್ಳುವವರೆಗೂ ಜೊತೆಗಿದ್ದ. ಲೆಕ್ಕ, ಅಮೆರಿಕ ಪ್ರವಾಸದ ಏರ್ಪಾಡು, ರಾಶಿ ರಾಶಿ ಕಾಗದಗಳಿಗೆ ಉತ್ತರ, ಎಲ್ಲ ಅವನ ತಲೆ ಮೇಲೆ. ಇದರ ನಡುವೆ 1897ರಲ್ಲಿ ಡ್ರಾಕುಲಾ ಬಂತು. ಆ ಕಾದಂಬರಿ ಬಹುಪಾಲು ಪತ್ರ, ದಿನಚರಿ, ತಂತಿ ಸುದ್ದಿಗಳಲ್ಲೇ ನಡೆಯುತ್ತದೆ. ದಿನವಿಡೀ ಕಾಗದ ಬರೆದ ಕೈಗೆ ಆ ರೀತಿ ಒಗ್ಗಿದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.

ಪ್ರಶ್ನೆ: ನಮ್ಮ ಅತ್ತೆ ಹಿಂದೆ ರಂಗದ ಮೇಲೆ ಪಾರ್ಟು ಮಾಡುತ್ತಿದ್ದರು. ಅವರಿಗೆ ಒಬ್ಬರು ಬರೆದ ಆತ್ಮೀಯ ಕಾಗದಗಳು ನನ್ನ ಹತ್ತಿರ ಇವೆ. ಪುಸ್ತಕ ಮಾಡಬಹುದಾ? (ಅರಸೀಕೆರೆ)

ಉತ್ತರ: ಲೈಸಿಯಂನ ಮುಖ್ಯ ನಟಿ ಎಲೆನ್ ಟೆರಿ ಮತ್ತು ನಾಟಕಕಾರ ಬರ್ನಾರ್ಡ್ ಶಾ 1890ರ ದಶಕದಲ್ಲಿ ವರ್ಷಗಟ್ಟಲೆ ಒಬ್ಬರಿಗೊಬ್ಬರು ಬರೆದುಕೊಂಡರು, ಎದುರು ಬದುರು ಕೂತು ಮಾತಾಡದೆಯೇ. ಪ್ರೀತಿ, ಜಗಳ, ಇರ್ವಿಂಗನ ಮೇಲೆ ಶಾ ದೂರು, ಎಲ್ಲ ಇದೆ. ಟೆರಿ 1928ರಲ್ಲಿ ತೀರಿಕೊಂಡರು, ಕಾಗದಗಳು 1931ರಲ್ಲಿ ಅಚ್ಚಾದವು. ಆಕೆಯ ಮಗ ಗಾರ್ಡನ್ ಕ್ರೇಗ್ ತುಂಬಾ ನೊಂದುಕೊಂಡು, ಅದೇ ವರ್ಷ ತಾಯಿಯ ಬಗ್ಗೆ ತಾನೇ ಒಂದು ಪುಸ್ತಕ ಬರೆದ. ಕಾಗದಗಳು ಚೆನ್ನಾಗಿವೆ, ನಿಜ. ಮಗನ ನೋವೂ ನಿಜ.

ನಿಮ್ಮ ಅತ್ತೆ ಇದ್ದರೆ ಅವರನ್ನೇ ಕೇಳಿ, ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಅವರ ಮಕ್ಕಳನ್ನು ಕೇಳಿ. ಕಾಗದ ನಿಮ್ಮ ಕೈಯಲ್ಲಿದ್ದರೂ ಅಚ್ಚು ಹಾಕುವ ಹಕ್ಕು ಸಾಮಾನ್ಯವಾಗಿ ಬರೆದವರದ್ದು, ಅವರ ನಂತರ ವಾರಸುದಾರರದ್ದು. ಹಾಗಾಗಿ ಆ ಕಡೆಯವರ ಒಪ್ಪಿಗೆಯೂ ಬೇಕು. ಅಲ್ಲಿಯವರೆಗೆ ಒಂದು ಲಕೋಟೆಯಲ್ಲಿ ಹಾಕಿ, ‘ಮನೆಯವರನ್ನು ಕೇಳದೆ ತೆರೆಯಬಾರದು’ ಅಂತ ಮೇಲೆ ಬರೆದು, ಬೀರುವಿನಲ್ಲಿಡಿ.