ಹೆಸರು ಮರೆತವರು ಸೈಕಲ್ ಮರೆಯುವುದಿಲ್ಲ ಏಕೆ?

ನೆನಪಿನ ಶಕ್ತಿ ಕಳೆದುಕೊಂಡವರೂ ಸೈಕಲ್ ಸಲೀಸಾಗಿ ಓಡಿಸುವುದು ಹೇಗೆ ಎಂದು ಕೇಳಿದ್ದೀರಿ. ಸಂಗತಿಗಳ ನೆನಪು, ಕೌಶಲದ ನೆನಪು ಎರಡೂ ಮಿದುಳಿನ ಒಂದೇ ಜಾಗದಲ್ಲಿ ಇರುವುದಿಲ್ಲ, ಅದಕ್ಕೇ. ನಡೆದ ಘಟನೆ, ಓದಿದ ಸಂಗತಿ ಹೊಸದಾಗಿ ಅಚ್ಚಾಗಲು ಮಿದುಳಿನ ಒಳಗಿರುವ ಹಿಪೊಕ್ಯಾಂಪಸ್ ಎಂಬ ಭಾಗ ಬೇಕು. ಕಾಲ ಕಳೆದಂತೆ ಅವು ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನಲ್ಲಿ ನೆಲೆಯೂರುತ್ತವೆ. ಹಾಗಾಗಿ ಹಿಪೊಕ್ಯಾಂಪಸ್‌ಗೆ ಪೆಟ್ಟಾದರೆ ಬಾಲ್ಯ ಉಳಿದು ನಿನ್ನೆಯದು ಅಳಿಸಿಹೋಗಬಹುದು. ಸೈಕಲ್ ಓಡಿಸುವಂಥ ಕೈಕಾಲಿನ ಕೌಶಲ ಮಾತ್ರ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಮತ್ತು ಹಿಂಬದಿಯ ಕಿರುಮಿದುಳು, ಅಂದರೆ ಸೆರಿಬೆಲ್ಲಮ್‌ಗಳ ಪಾಲು. ಭಯದ ನೆನಪಿಗೆ ಅಮಿಗ್ಡಲಾ ಎಂಬ ಇನ್ನೊಂದು ಭಾಗವಿದೆ.

ಅಮೆರಿಕದ ರೋಗಿ ಹೆನ್ರಿ ಮೊಲೈಸನ್ ಅವರನ್ನೇ ನೋಡಿ. 1953ರಲ್ಲಿ ಮೂರ್ಛೆರೋಗಕ್ಕೆಂದು ಅವರ ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ತೆಗೆದರು. ಆಮೇಲೆ, ಕನ್ನಡಿಯಲ್ಲಷ್ಟೇ ತಮ್ಮ ಕೈ ಕಾಣುವಂತೆ ಅವರನ್ನು ಕೂರಿಸಿ, ನಕ್ಷತ್ರದ ಜೋಡಿಗೆರೆಗಳ ನಡುವೆ ಪೆನ್ಸಿಲ್ ಎಳೆಯಲು ಹೇಳಿದಾಗ ಮೂರೇ ದಿನದಲ್ಲಿ ಅವರ ತಪ್ಪುಗಳು ತೀರಾ ಕಡಿಮೆಯಾದವು. ಆದರೆ ಅದನ್ನು ಹಿಂದೆ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ.